ತಂತ್ರಾಂಶ ಎಂಜಿನಿಯರ್ ವೃತ್ತಿ ಮತ್ತು ಮುಕ್ತ ತಂತ್ರಾಂಶದ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಹದಿನೇಳು ವರ್ಷಗಳಿಂದ ತಂತ್ರಾಂಶ ಎಂಜಿನಿಯರ್ ಆಗಿರುವ ನನ್ನನ್ನು ಊರಿನ ಪರಿಚಿತರು, ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ನಾಲ್ಕೈದು ವರ್ಷ ದುಡಿದು ಮುಂದೇನು ಎಂದು ಯೋಚಿಸುತ್ತಿರುವ ಕಿರಿಯ ಸಹೋದ್ಯೋಗಿಗಳು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲವೂ ಹೊಸದಾಗಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಆದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಹಳೆಯ ಕನ್ನಡ ಫಾಂಟುಗಳ ಬರಹವನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬದಲಾಯಿಸುವ ಒಂದು ಸಣ್ಣ ಪರಿವರ್ತಕ ತಂತ್ರಾಂಶವನ್ನು ನಾನು ಬಹುಕಾಲ ನೋಡಿಕೊಂಡಿದ್ದೆ. ನನ್ನ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ.

ಮುಕ್ತ ತಂತ್ರಾಂಶ ಎಂದರೆ ಬಿಟ್ಟಿ ಸಿಗುವ ತಂತ್ರಾಂಶವೇ?

ಅಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫ್ರೀ’ ಎಂಬ ಒಂದೇ ಪದವಿರುವುದರಿಂದ ಅಲ್ಲಿಯವರು ದಶಕಗಳ ಕಾಲ ವಿವರಣೆ ಕೊಡುತ್ತಲೇ ಇರಬೇಕಾಯಿತು. ನಮ್ಮಲ್ಲಿ ‘ಬಿಟ್ಟಿ’ ಮತ್ತು ‘ಮುಕ್ತ’ ಎಂಬ ಎರಡು ಬೇರೆ ಪದಗಳಿದ್ದೂ ನಾವು ಗೊಂದಲ ಮಾಡಿಕೊಳ್ಳುತ್ತೇವೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದಾಗ ಅವರು ಕೇಳಿದ್ದು ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದುವ, ಬದಲಾಯಿಸುವ ಮತ್ತು ಹಂಚುವ ಸ್ವಾತಂತ್ರ್ಯವನ್ನು. ಬೆಲೆಯ ಪ್ರಶ್ನೆ ಅಲ್ಲಿ ಮುಖ್ಯವಾಗಿರಲಿಲ್ಲ. ಇಂಥ ತಂತ್ರಾಂಶಕ್ಕೆ ‘ಓಪನ್ ಸೋರ್ಸ್’ ಎಂಬ ಹೆಸರು ಬಂದದ್ದು ಅದಾದ ಮೇಲೆ, 1998ರಲ್ಲಿ.

ಬಿಟ್ಟಿಗೂ ಮುಕ್ತಕ್ಕೂ ಇರುವ ಅಂತರ ತಿಳಿಯಬೇಕಾದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶ ಹುಟ್ಟಿದ ಸಂದರ್ಭವನ್ನು ನೋಡಬೇಕು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು ಆಗ ಅದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಹಣ ಕೊಡದೆ ಬಳಸುತ್ತಿದ್ದರು. 2005ರಲ್ಲಿ ಅದರ ಮಾಲೀಕರು ಆ ಸವಲತ್ತನ್ನು ಹಿಂತೆಗೆದುಕೊಂಡರು. ಬಿಟ್ಟಿ ಕೊಟ್ಟವರಿಗೆ ಹಿಂದಕ್ಕೆ ಪಡೆಯುವ ಹಕ್ಕೂ ಇತ್ತು. ಲಿನಕ್ಸ್ ಆರಂಭಿಸಿದ ಲೈನಸ್ ಟೋರ್ವಾಲ್ಡ್ಸ್ ಆ ಏಪ್ರಿಲ್‌ನಲ್ಲಿ ತಾವೇ ಗಿಟ್ ಬರೆಯಲು ಕುಳಿತರು ಮತ್ತು ಕೆಲವೇ ವಾರಗಳಲ್ಲಿ ಕರ್ನಲ್‌ನ ಕೆಲಸ ಅದರ ಮೇಲೆ ನಡೆಯತೊಡಗಿತು. ಇಂದು ನಮ್ಮ ಊರಿನ ಕಚೇರಿಗಳಲ್ಲಿ ಬೆಳಿಗ್ಗೆ ಕಾಫಿ ಮುಗಿಸಿ ಮೊದಲು ಒತ್ತುವ ಆಜ್ಞೆ ಆ ಗಿಟ್‌ನದೇ ಆಗಿರುತ್ತದೆ.

ಕೆಲಸ ಸಿಗಬೇಕಾದರೆ ಓಪನ್ ಸೋರ್ಸ್ ಕೊಡುಗೆ ಇರಲೇಬೇಕೇ?

ಇರಲೇಬೇಕೆಂದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ವೈಟ್‌ಫೀಲ್ಡ್‌ನಲ್ಲಾಗಲಿ ಹೊರಗಿನ ಯೋಜನೆಗೆ ಒಂದು ಸಾಲಿನ ಕೋಡನ್ನೂ ಕಳಿಸದೆ ಉತ್ತಮ ವೃತ್ತಿಜೀವನ ನಡೆಸಿರುವ ಎಂಜಿನಿಯರುಗಳು ನನಗೆ ಬಹಳ ಮಂದಿ ಗೊತ್ತು. ಕ್ಯಾಂಪಸ್ ಆಯ್ಕೆಯಲ್ಲಿ, ಅದರಲ್ಲೂ ನೂರಾರು ಜನರನ್ನು ಒಂದೇ ಬಾರಿಗೆ ತೆಗೆದುಕೊಳ್ಳುವ ಸರ್ವಿಸ್ ಕಂಪನಿಗಳಲ್ಲಿ, ಅಂಕಪಟ್ಟಿಯನ್ನೂ ಆಪ್ಟಿಟ್ಯೂಡ್ ಪರೀಕ್ಷೆಯನ್ನೂ ದಾಟಿ ಕೋಡ್ ಹಂಚುವ ಜಾಲತಾಣವಾದ ಗಿಟ್‌ಹಬ್‌ನಲ್ಲಿರುವ ನಿಮ್ಮ ಪುಟದವರೆಗೆ ಬರುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಅದು ನೆರವಾಗುವುದು ಎರಡನೆಯ ಅಥವಾ ಮೂರನೆಯ ಕೆಲಸ ಹುಡುಕುವಾಗ. ಐದು ವರ್ಷ ಬರೆದ ಕೋಡೆಲ್ಲವೂ ಹಳೆಯ ಕಂಪನಿಯ ಬಾಗಿಲ ಹಿಂದೆ ಇರುತ್ತದೆ. ಅದನ್ನು ಹೊರಗೆ ತೋರಿಸುವಂತಿಲ್ಲ, ತೋರಿಸಲೂ ಬಾರದು. ಸಂದರ್ಶನಕ್ಕೆ ಬಂದವರು ತಮ್ಮ ಕೆಲಸವನ್ನು ಬಾಯಿಮಾತಿನಲ್ಲಿ ವಿವರಿಸಿದ್ದನ್ನು ನಾನು ನಂಬಬೇಕಾಗುತ್ತದೆ, ಇಲ್ಲವೇ ಬಿಳಿ ಹಲಗೆಯ ಮೇಲೆ ಲೆಕ್ಕ ಬಿಡಿಸಲು ಹೇಳಬೇಕಾಗುತ್ತದೆ. ಆದರೆ ಅವರದ್ದೊಂದು ಪುಲ್ ರಿಕ್ವೆಸ್ಟ್, ಅಂದರೆ ‘ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಎಲ್ಲರಿಗೂ ಕಾಣುವಂತೆ ಇದ್ದರೆ ನಾನು ಕೋಡಿಗಿಂತ ಮೊದಲು ಅದರ ಕೆಳಗಿನ ಚರ್ಚೆಯನ್ನು ಓದುತ್ತೇನೆ. ತಪ್ಪು ತೋರಿಸಿದಾಗ ಏನು ಉತ್ತರ ಕೊಟ್ಟರು, ತಿದ್ದುಪಡಿಗೆ ಎಷ್ಟು ದಿನ ತೆಗೆದುಕೊಂಡರು, ತಮ್ಮ ವಾದ ಸರಿಯಿದ್ದಾಗ ಮೆತ್ತಗೆ ನಿಂತರೋ ಜಗಳಕ್ಕೆ ಇಳಿದರೋ ಎಂಬುದೆಲ್ಲ ಅಲ್ಲಿ ಇರುತ್ತದೆ. ಒಂದು ಗಂಟೆಯ ಸಂದರ್ಶನದಲ್ಲಿ ಇಷ್ಟು ತಿಳಿಯುವುದಿಲ್ಲ.

ರೆಸ್ಯೂಮೆಯಲ್ಲಿ ಇದನ್ನು ಹೇಗೆ ಬರೆಯಬೇಕು?

ಯಾವ ಯೋಜನೆ, ಯಾವ ತೊಂದರೆ, ನೀವು ಮಾಡಿದ್ದೇನು ಎಂಬುದನ್ನು ಎರಡು ಸಾಲಿನಲ್ಲಿ ಬರೆದು, ಕೊಂಡಿಯನ್ನು ಕೊಡಿ. ‘ಹಲವು ಓಪನ್ ಸೋರ್ಸ್ ಯೋಜನೆಗಳಿಗೆ ಕೊಡುಗೆ’ ಎಂಬ ಸಾಲನ್ನು ದಯವಿಟ್ಟು ಬರೆಯಬೇಡಿ. ಯಾವ ದಿನ ಎಷ್ಟು ಕೆಲಸ ಮಾಡಿದಿರಿ ಎಂದು ಗಿಟ್‌ಹಬ್ ತೋರಿಸುವ ಹಸಿರು ಚೌಕಗಳ ಪಟ್ಟಿಯನ್ನು ಯಾರೂ ಎಣಿಸುವುದಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು?

ನೀವು ದಿನವೂ ಬಳಸುವ ಯಾವುದಾದರೊಂದು ವಸ್ತುವಿನಿಂದ ಆರಂಭಿಸಬೇಕು. ಬಹುತೇಕರು ಇದರ ಬದಲು ಹೆಸರಾಂತ ಯೋಜನೆಯೊಂದನ್ನು ಆರಿಸಿಕೊಂಡು, ‘ಹೊಸಬರಿಗೆ ಸುಲಭ’ ಎಂಬ ಚೀಟಿ ಅಂಟಿಸಿದ ಕೆಲಸವನ್ನು ಹುಡುಕುತ್ತಾರೆ. ಆ ಚೀಟಿಯ ಮುಂದೆ ಸಂಕ್ರಾಂತಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇರುವಷ್ಟೇ ನೂಕುನುಗ್ಗಲು ಇರುತ್ತದೆ. ನಿಮ್ಮ ಕಚೇರಿಯ ಕೆಲಸದಲ್ಲೇ ಬಳಸುವ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಣ್ಣ ಲೈಬ್ರರಿಯೊಂದು ಎಲ್ಲೋ ಒಂದು ಕಡೆ ನಿಮ್ಮನ್ನು ಕಾಡಿರುತ್ತದೆ. ಅದರ ದೋಷವನ್ನು ನೀವು ಬೇರೆ ದಾರಿಯಿಂದ ಸುತ್ತಿಕೊಂಡು ಹೋಗಿರುತ್ತೀರಿ. ಆ ದೋಷವೇ ನಿಮ್ಮ ಮೊದಲ ಕೆಲಸವಾಗಲಿ, ಏಕೆಂದರೆ ಅದು ಏಕೆ ಸರಿಯಾಗಬೇಕೆಂಬುದು ನಿಮಗೆ ಗೊತ್ತಿರುತ್ತದೆ.

ಮೊದಲು ತಿದ್ದಲು ಹೋಗಬೇಡಿ, ವರದಿ ಬರೆಯಿರಿ. ಯಾವ ಆವೃತ್ತಿ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ನಾಲ್ಕು ಸಂಗತಿಗಳಿರುವ, ಬೇರೆಯವರು ತಮ್ಮ ಯಂತ್ರದಲ್ಲಿ ಅದೇ ದೋಷವನ್ನು ಮರಳಿ ಕಾಣುವಂತೆ ಮಾಡುವ ಬಗ್ ವರದಿಯನ್ನು ಬರೆಯಬಲ್ಲವರು ಅಪರೂಪ. ನಂತರ ಇತರರು ಸಲ್ಲಿಸಿದ ಹತ್ತು ವರದಿಗಳನ್ನು ಓದಿ, ಅವುಗಳಲ್ಲಿ ಈಗಲೂ ಇರುವ ದೋಷ ಯಾವುದು, ಆಗಲೇ ಸರಿಯಾಗಿರುವುದು ಯಾವುದು ಎಂದು ಪರೀಕ್ಷಿಸಿ ಹೇಳಿ. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಇದನ್ನು ಎರಡು ತಿಂಗಳು ಮಾಡಿದವರಿಗೆ ಆ ಕೋಡಿನ ಯಾವ ಮೂಲೆಯಲ್ಲಿ ಏನಿದೆಯೆಂಬುದು ತಿಳಿದಿರುತ್ತದೆ ಮತ್ತು ಯೋಜನೆಯನ್ನು ನೋಡಿಕೊಳ್ಳುವ ನಿರ್ವಾಹಕರಿಗೆ ಅವರ ಹೆಸರು ತಿಳಿದಿರುತ್ತದೆ. ಮುಂದಿನ ಪ್ಯಾಚ್, ಅಂದರೆ ತಿದ್ದುಪಡಿ, ಆ ಹೆಸರಿನಿಂದ ಬಂದಾಗ ಅದನ್ನು ಓದುವ ಕಣ್ಣು ಬೇರೆಯಾಗಿರುತ್ತದೆ.

ಅಕ್ಟೋಬರ್ ತಿಂಗಳ ಅಭಿಯಾನದಲ್ಲಿ ಪಾಲ್ಗೊಂಡರೆ ಟೀ ಶರ್ಟ್ ಸಿಗುತ್ತದಂತೆ. ಮಾಡಬಹುದೇ?

ಮುಕ್ತ ಯೋಜನೆಗಳಿಗೆ ಕೊಡುಗೆ ನೀಡಲು ಹುರಿದುಂಬಿಸುವ ಆ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನ 2014ರಲ್ಲಿ ಒಳ್ಳೆಯ ಉದ್ದೇಶದಿಂದಲೇ ಆರಂಭವಾಯಿತು. 2020ರಲ್ಲಿ ಟೀ ಶರ್ಟಿನ ಆಸೆಗೆ ಯೋಜನೆಯ ಪರಿಚಯವಿರುವ ರೀಡ್‌ಮಿ ಫೈಲಿನಲ್ಲಿ ಒಂದು ಪದ ಸೇರಿಸಿ ಕಳಿಸುವ ಪುಲ್ ರಿಕ್ವೆಸ್ಟುಗಳು ಎಷ್ಟು ಹೆಚ್ಚಾದವೆಂದರೆ, ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಆ ಹಾವಳಿಯಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲು ಸಣ್ಣದಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಟೀ ಶರ್ಟನ್ನು ಚಿಕ್ಕಪೇಟೆಯಲ್ಲಿ ಕೊಂಡುಕೊಳ್ಳಿ.

ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ವಿದ್ಯಾರ್ಥಿಗಳು ಮಾತ್ರ ಅರ್ಜಿ ಹಾಕಬಹುದೇ?

ಮಾರ್ಗದರ್ಶಕರ ನೆರವಿನಲ್ಲಿ ಮುಕ್ತ ಯೋಜನೆಗೆ ಕೋಡ್ ಬರೆದವರಿಗೆ ಗೂಗಲ್ ಹಣ ಕೊಡುವ ಈ ಕಾರ್ಯಕ್ರಮ 2005ರಲ್ಲಿ ಆರಂಭವಾದಾಗ ಹಾಗಿತ್ತು. 2022ರಿಂದ ಹದಿನೆಂಟು ವರ್ಷ ತುಂಬಿದ, ಈ ಕ್ಷೇತ್ರಕ್ಕೆ ಹೊಸಬರಾದ ಇತರರಿಗೂ ಅದನ್ನು ತೆರೆಯಲಾಗಿದೆ. ಒಂದೇ ಮಾತು: ಅರ್ಜಿ ಕರೆದ ವಾರದಲ್ಲಿ ಮೊದಲ ಬಾರಿಗೆ ಮುಖ ತೋರಿಸಿದವರಿಗಿಂತ, ಅದಕ್ಕೂ ನಾಲ್ಕು ತಿಂಗಳ ಮೊದಲಿನಿಂದ ಆ ಯೋಜನೆಯಲ್ಲಿ ಓಡಾಡಿಕೊಂಡಿದ್ದವರನ್ನು ಮಾರ್ಗದರ್ಶಕರು ಸಹಜವಾಗಿಯೇ ಹೆಚ್ಚು ನಂಬುತ್ತಾರೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ನಿಲ್ಲಬಲ್ಲರೇ?

ನಿಲ್ಲಬಲ್ಲರು. ನಾನೂ ಏಳನೆಯ ತರಗತಿಯವರೆಗೆ ತಿಪಟೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವನು. ಮುಕ್ತ ತಂತ್ರಾಂಶದ ಕೆಲಸ ಬಹುಪಾಲು ಬರಹದಲ್ಲಿ ನಡೆಯುತ್ತದೆ. ಬರೆಯುವಾಗ ಯೋಚಿಸಲು, ಅಳಿಸಲು, ಮರುದಿನ ಕಳಿಸಲು ಅವಕಾಶವಿರುತ್ತದೆ. ಸಭೆಯಲ್ಲಿ ಪಟಪಟನೆ ಇಂಗ್ಲಿಷ್ ಆಡುವವರ ಮುಂದೆ ಹಿಂಜರಿಯುವ ಹುಡುಗಿಯರೂ ಹುಡುಗರೂ ಇಲ್ಲಿ ಚಿಕ್ಕ ವಾಕ್ಯಗಳಲ್ಲಿ ನಿಖರವಾಗಿ ಬರೆದು ಮೆಚ್ಚುಗೆ ಪಡೆದದ್ದನ್ನು ಕಂಡಿದ್ದೇನೆ. ಜಪಾನಿನ, ಜರ್ಮನಿಯ, ಬ್ರೆಜಿಲ್‌ನ ಎಂಜಿನಿಯರುಗಳಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಗಿಟ್ ಅನ್ನೇ 2005ರ ಜುಲೈನಿಂದ ನೋಡಿಕೊಳ್ಳುತ್ತಿರುವವರು ಜಪಾನಿನಲ್ಲಿ ಬೆಳೆದ ಜೂನಿಯೊ ಹಮಾನೊ.

ಕನ್ನಡಕ್ಕೆ ಸಂಬಂಧಿಸಿದ ಕೆಲಸ ಏನಾದರೂ ಉಳಿದಿದೆಯೇ, ಅಥವಾ ಎಲ್ಲವೂ ಆಗಿಹೋಗಿದೆಯೇ?

ಬೇಕಾದಷ್ಟು ಉಳಿದಿದೆ. ಈ ಪ್ರಶ್ನೆಗೆ ಮಾತ್ರ ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅದು ಬಳಕೆಗೆ ಬರುವ ಮೊದಲು, ಮತ್ತು ಮುದ್ರಣಾಲಯಗಳಲ್ಲಿ ಅದಾದ ಬಹುಕಾಲದ ಮೇಲೂ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳಿಂದ ಬರೆಯಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹಾಗೆ ಸಿದ್ಧಪಡಿಸಿದ ಪುಸ್ತಕ, ಸ್ಮರಣ ಸಂಚಿಕೆ, ಕಚೇರಿ ಕಡತಗಳು ಇಂದಿಗೂ ರಾಶಿಗಟ್ಟಲೆ ಇವೆ ಮತ್ತು ಅವುಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳನ್ನು ಮುಕ್ತವಾಗಿ ಬರೆದವರು ಸ್ವಂತ ಆಸಕ್ತಿಯಿಂದ ದುಡಿದವರು.

ಈ ಕೆಲಸ ಕಾಣುವಷ್ಟು ಸುಲಭವಲ್ಲ. ‘ಕರ್ನಾಟಕ’ ಎಂದು ಬರೆಯುವಾಗ ಕಣ್ಣಿಗೆ ಅರ್ಕಾವೊತ್ತು ‘ನಾ’ ಅಕ್ಷರದ ನಂತರ ಕಾಣುತ್ತದೆ. ಹಳೆಯ ಫಾಂಟುಗಳು ಕಂಡ ಕ್ರಮದಲ್ಲೇ ಅದನ್ನು ಸಂಗ್ರಹಿಸುತ್ತವೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುವುದರಿಂದ ಅಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ಅರ್ಕಾವೊತ್ತನ್ನು ಹಿಂದಕ್ಕೆ ಸರಿಸದೆ ಇದ್ದಲ್ಲೇ ಬಿಟ್ಟರೆ ನಾಡಿನ ಹೆಸರೇ ‘ಕನಾರ್ಟಕ’ ಆಗುತ್ತದೆ. ಜಾಲತಾಣಗಳಲ್ಲಿ, ಸುತ್ತೋಲೆಗಳಲ್ಲಿ ಈ ವಿಚಿತ್ರ ಪದವನ್ನು ನೀವೂ ಕಂಡಿರುತ್ತೀರಿ. ಅದು ಬೆರಳಚ್ಚುಗಾರರ ತಪ್ಪಲ್ಲ, ನನ್ನಂಥವರ ತಪ್ಪು. ಒಮ್ಮೆ ವೇಗ ಹೆಚ್ಚಿಸಲೆಂದು ನಾನು ಮಾಡಿದ ಬದಲಾವಣೆಯಿಂದ, ಒತ್ತಕ್ಷರವೂ ಅರ್ಕಾವೊತ್ತೂ ಒಟ್ಟಿಗೆ ಬರುವ ಪದಗಳಲ್ಲಿ ಮಾತ್ರ ರಕಾರ ತಪ್ಪು ಜಾಗಕ್ಕೆ ಹೋಗತೊಡಗಿತು. ನನ್ನ ಪರೀಕ್ಷೆಯ ಪದಪಟ್ಟಿಯಲ್ಲಿ ಅಂಥ ಪದವೇ ಇರಲಿಲ್ಲ. ಅದು ಗೊತ್ತಾದದ್ದು, ಮುನ್ನೂರು ಪುಟದ ಹಸ್ತಪ್ರತಿಯನ್ನು ಪರಿವರ್ತಿಸಿಕೊಂಡಿದ್ದ ನಿವೃತ್ತ ಮೇಷ್ಟ್ರೊಬ್ಬರು ತಪ್ಪಾದ ನಲವತ್ತಮೂರು ಪದಗಳನ್ನು ಕೈಯಲ್ಲಿ ಬರೆದು, ಫೋಟೊ ತೆಗೆಸಿ ಕಳಿಸಿದಾಗ. ಆ ಪಟ್ಟಿ ಇಂದಿಗೂ ಆ ಯೋಜನೆಯ ಪರೀಕ್ಷಾ ಫೈಲುಗಳಲ್ಲಿ ಇದೆ. ಒಂದು ಸಾಲು ಕೋಡ್ ಬರೆಯದ ಆ ಮೇಷ್ಟ್ರನ್ನು ಕೊಡುಗೆದಾರರ ಪಟ್ಟಿಯಲ್ಲಿ ಮೊದಲಿಗೆ ಹಾಕಿದ್ದೇನೆ.

ಹೀಗೆಯೇ ‘ರ‍್ಯಾಂಕ್’ ಎಂಬ ಪದವನ್ನು ನೋಡಿ. ಸಾಮಾನ್ಯ ನಿಯಮದಂತೆ ಬರೆದರೆ ರಕಾರ ಅರ್ಕಾವೊತ್ತಾಗಿ ಯಕಾರದ ನಂತರ ಕಾಣುತ್ತದೆ. ಅದು ಮೊದಲೇ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಕೆಲವು ಹುಡುಕು ಯಂತ್ರಗಳು ಆ ಕಾಣದ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಕೆಲವು ಬಿಡುತ್ತವೆ; ಹಾಗಾಗಿ ಇದ್ದ ಪದವೇ ಸಿಗದಂತಾಗುತ್ತದೆ. ಹಳಗನ್ನಡದಲ್ಲಿ ಸ್ವರವಿಲ್ಲದ ನಕಾರವನ್ನು ಬರೆಯುತ್ತಿದ್ದ ‘ನಕಾರ ಪೊಲ್ಲು’ ಎಂಬ ಅಕ್ಷರ 2021ರಲ್ಲಿ ಯೂನಿಕೋಡ್‌ನ 14ನೆಯ ಆವೃತ್ತಿಗೆ ಸೇರಿತು. ಅಕ್ಷರಕ್ಕೆ ಸಂಖ್ಯೆ ಸಿಕ್ಕರೆ ಸಾಲದು. ಫಾಂಟುಗಳಲ್ಲಿ ಅದರ ಆಕಾರ, ಕೀಲಿಮಣೆಯಲ್ಲಿ ಅದಕ್ಕೊಂದು ಕೀಲಿ, ಅಕಾರಾದಿಯಲ್ಲಿ ಅದಕ್ಕೊಂದು ಜಾಗ ಎಲ್ಲವೂ ಬೇಕು, ಮತ್ತು ಇವು ಒಂದೊಂದೂ ಬೇರೆ ಬೇರೆ ಯೋಜನೆಗಳಲ್ಲಿ ಆಗಬೇಕಾದ ಕೆಲಸ.

ಅನುವಾದದಲ್ಲಿಯೂ ಎಂಜಿನಿಯರ್ ತಲೆ ಕೆಡಿಸಿಕೊಳ್ಳುವಂಥದ್ದು ಇದೆ. ಇಂಗ್ಲಿಷಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಅದರ ಹಿಂದೆ ‘ಟು’ ಎಂದು ಬರೆದರೆ ಸಾಕು. ಕನ್ನಡದಲ್ಲಿ ರಮೇಶನಿಗೆ, ಲತಾಗೆ, ಗುರುವಿಗೆ ಎಂದು ವಿಭಕ್ತಿ ಪ್ರತ್ಯಯವು ಹೆಸರಿನ ಕೊನೆಯನ್ನು ನೋಡಿ ಅಂಟಿಕೊಳ್ಳುತ್ತದೆ. ಖಾಲಿ ಜಾಗದ ಮುಂದೆ ‘ಗೆ’ ಎಂದು ಬರೆದುಬಿಟ್ಟರೆ ಬ್ಯಾಂಕಿನ ಆ್ಯಪ್ ಕೂಡ ಕನ್ನಡ ಬಾರದ ಬಾಡಿಗೆದಾರನಂತೆ ಮಾತಾಡುತ್ತದೆ. ವಾಕ್ಯವನ್ನೇ ತಿರುಗಿಸಿ, ಹೆಸರು ಪ್ರಥಮಾ ವಿಭಕ್ತಿಯಲ್ಲಿ ಉಳಿಯುವಂತೆ ಬರೆಯುವುದು ಒಂದು ಉಪಾಯ. ಅದಕ್ಕೆ ಮೂಲ ಕೋಡಿನಲ್ಲಿ ಅವಕಾಶವಿಲ್ಲದಿದ್ದರೆ ಅದನ್ನು ಬದಲಿಸಲು ಮೂಲ ಯೋಜನೆಯವರ ಮನವೊಲಿಸಬೇಕಾಗುತ್ತದೆ. ಹಾಗೆ ಬರೆದ ಮನವಿಯೊಂದರಿಂದ ಕನ್ನಡದ ಜೊತೆಗೆ ತಮಿಳು, ತುರ್ಕಿ ಮತ್ತು ಫಿನ್ನಿಶ್ ಭಾಷೆಯವರಿಗೂ ಅನುಕೂಲವಾಗುತ್ತದೆ, ಏಕೆಂದರೆ ಅವರೂ ಪ್ರತ್ಯಯ ಹಚ್ಚಿಯೇ ಮಾತಾಡುವವರು.

ಮುಕ್ತವಾಗಿ ಬಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ‘ಅಲರ್’ ನಿಘಂಟಿನ ಉದಾಹರಣೆ ಇದೆ. ವಿ. ಕೃಷ್ಣ ಅವರು ಹತ್ತಿರಹತ್ತಿರ ನಾಲ್ಕು ದಶಕ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷದಷ್ಟು ನಮೂದುಗಳಿರುವ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ಬಂದಿತು. ಅಂದಿನಿಂದ ಯಾರು ಬೇಕಾದರೂ, ಯಾರ ಅಪ್ಪಣೆಗೂ ಕಾಯದೆ, ಆ ದತ್ತಾಂಶವನ್ನು ತಮ್ಮ ಆ್ಯಪಿಗೋ ಪದಪರೀಕ್ಷಕಕ್ಕೋ ಪರವಾನಗಿಯ ಷರತ್ತಿನಂತೆ ಬಳಸಿಕೊಳ್ಳಬಹುದಾಗಿದೆ.

ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಹೊರಗಿನ ಯೋಜನೆಗೆ ಕೋಡ್ ಬರೆಯಬಹುದೇ? ಕಾನೂನು ಏನು ಹೇಳುತ್ತದೆ?

ಬರೆಯುವ ಮೊದಲು ನಿಮ್ಮ ನೇಮಕಾತಿ ಒಪ್ಪಂದವನ್ನು ಓದಬೇಕು. ಸಹಿ ಹಾಕುವ ದಿನ ನಾವೆಲ್ಲ ಸಂಬಳದ ಸಾಲನ್ನಷ್ಟೇ ಓದಿರುತ್ತೇವೆ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ‘ಸಾಹಿತ್ಯ ಕೃತಿ’. ಕಾನೂನಿನ ಕಣ್ಣಿನಲ್ಲಿ ಕಾದಂಬರಿಗೂ ಪೈಥಾನ್ ಭಾಷೆಯಲ್ಲಿ ಬರೆದ ನಿಮ್ಮ ಕೋಡಿನ ಫೈಲಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಲಾಗಿದೆ. ಅದೇ ಕಾಯಿದೆಯ 17ನೆಯ ಪ್ರಕರಣದ ಸಿ ಖಂಡದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೃತಿಯ ಮೊದಲ ಸ್ವಾಮ್ಯ ಉದ್ಯೋಗದಾತರದ್ದು. ಭಾನುವಾರ ಮನೆಯಲ್ಲಿ, ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ, ಕಚೇರಿಯ ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ಬರೆದರೆ ಅದು ಈ ಮಾತಿನೊಳಗೆ ಸುಲಭವಾಗಿ ಬರುವುದಿಲ್ಲ. ಆದರೆ ಒಪ್ಪಂದಗಳು ಕಾಯಿದೆಗಿಂತ ಅಗಲವಾಗಿ ಬಾಯಿ ತೆರೆಯುತ್ತವೆ. ನನ್ನ ಹಿಂದಿನ ಕಂಪನಿಯೊಂದರ ಪತ್ರದಲ್ಲಿ, ಉದ್ಯೋಗದ ಅವಧಿಯಲ್ಲಿ ನಾನು ‘ಎಲ್ಲಿಯೇ ಆಗಲಿ, ಯಾವಾಗಲೇ ಆಗಲಿ’ ರಚಿಸಿದ್ದೆಲ್ಲವೂ ಅವರದ್ದೆಂಬ ಸಾಲಿತ್ತು. ಅದರ ಪ್ರಕಾರ ಮಗಳಿಗೆ ಬರೆದುಕೊಟ್ಟ ಪ್ರಬಂಧವೂ ಅವರದ್ದೇ ಆಗಬೇಕಿತ್ತು. ಎಚ್‌ಆರ್ ವಿಭಾಗಕ್ಕೆ ನಾಲ್ಕು ಬಾರಿ ಬರೆದು, ಆರು ತಿಂಗಳು ಕಾದು, ಕೊನೆಗೆ ಪರಿವರ್ತಕದ ಹೆಸರನ್ನು ಉಲ್ಲೇಖಿಸಿ ಅದು ಒಪ್ಪಂದದ ಹೊರಗಿದೆ ಎಂಬ ಒಂದು ಪುಟದ ಪತ್ರ ಪಡೆದೆ. ಆ ಆರು ತಿಂಗಳು ಒಂದು ಸಾಲನ್ನೂ ಸೇರಿಸಲಿಲ್ಲ. ಆ ಪತ್ರ ಈಗಲೂ ಮನೆಯ ಬೀರುವಿನಲ್ಲಿ ಮನೆಪತ್ರಗಳ ಜೊತೆಗಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಆಫರ್ ಲೆಟರ್ ಕೈಗೆ ಬಂದ ದಿನವೇ, ಅಂದರೆ ಕಂಪನಿಗೆ ನೀವು ಬೇಕಾಗಿರುವ ಆ ಒಂದು ವಾರದಲ್ಲೇ, ನಿಮ್ಮ ಹಳೆಯ ಯೋಜನೆಗಳ ಪಟ್ಟಿ ಕೊಟ್ಟು ಲಿಖಿತ ಒಪ್ಪಿಗೆ ಕೇಳಿ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಮ್ಯಾನೇಜರ್ ಮುಂದಿನ ವರ್ಷ ಅಲ್ಲಿರುವುದಿಲ್ಲ. ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಈಮೇಲ್, ಕಚೇರಿಯ ಸಮಯ ಈ ಮೂರನ್ನೂ ಬೆರೆಸಬೇಡಿ. ಕಂಪನಿಯೇ ಆ ಯೋಜನೆಯನ್ನು ಬಳಸುತ್ತಿದ್ದರೆ ದಾರಿ ಸುಲಭ: ನಮ್ಮ ತಿದ್ದುಪಡಿಯನ್ನು ಮೂಲ ಯೋಜನೆಗೆ ಕೊಡದಿದ್ದರೆ ಪ್ರತಿ ಹೊಸ ಆವೃತ್ತಿಗೂ ಅದನ್ನು ನಾವೇ ಮತ್ತೆ ಹಚ್ಚುತ್ತಾ ಕೂರಬೇಕು ಎಂದು ವಿವರಿಸಿ. ಈ ಲೆಕ್ಕ ಯಾವ ಮ್ಯಾನೇಜರಿಗಾದರೂ ಅರ್ಥವಾಗುತ್ತದೆ.

ನನ್ನ ಯೋಜನೆಗೆ ಯಾವ ಪರವಾನಗಿ ಆರಿಸಲಿ?

ಯಾರು ಬೇಕಾದರೂ, ಮುಚ್ಚಿದ ತಂತ್ರಾಂಶದೊಳಗೂ ಬಳಸಿಕೊಳ್ಳಲಿ ಎಂದಿದ್ದರೆ ಎಂಐಟಿ ಅಥವಾ ಅಪಾಚೆ 2.0, ಎರಡನೆಯದರಲ್ಲಿ ಪೇಟೆಂಟ್ ಬಗ್ಗೆ ಸ್ಪಷ್ಟ ಮಾತಿದೆ. ತಿದ್ದಿ ಹಂಚುವವರು ತಿದ್ದಿದ್ದನ್ನೂ ಮುಕ್ತವಾಗಿಯೇ ಹಂಚಬೇಕೆಂದಿದ್ದರೆ ಜಿಪಿಎಲ್. ಪರವಾನಗಿಯ ಫೈಲೇ ಇಲ್ಲದೆ ಗಿಟ್‌ಹಬ್‌ಗೆ ಹಾಕಿದ ಕೋಡ್ ಎಲ್ಲರಿಗೂ ಕಾಣುತ್ತದೆಯೇ ಹೊರತು ಮುಕ್ತವಾಗುವುದಿಲ್ಲ. ಹಕ್ಕುಗಳೆಲ್ಲ ನಿಮ್ಮಲ್ಲೇ ಉಳಿದಿರುತ್ತವೆ. ವಿದ್ಯಾರ್ಥಿಗಳು ಅತಿ ಹೆಚ್ಚು ಮಾಡುವ ತಪ್ಪು ಇದೇ.

ಕಳಿಸಿದ ಪ್ಯಾಚ್‌ಗೆ ಮೂರು ವಾರವಾದರೂ ಉತ್ತರವಿಲ್ಲ. ನನ್ನನ್ನು ಕಡೆಗಣಿಸುತ್ತಿದ್ದಾರೆಯೇ?

ಹೆಚ್ಚಿನ ಪಾಲು ಇಲ್ಲ. ಆ ತುದಿಯಲ್ಲಿರುವವರು ಬಹುಶಃ ಒಬ್ಬರೇ, ಅವರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇದೆ, ಮನೆಯಲ್ಲಿ ಮಗುವಿಗೆ ಜ್ವರವಿದೆ. ಎರಡು ವಾರಕ್ಕೊಮ್ಮೆ ಸೌಜನ್ಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ. ಪ್ಯಾಚ್ ಚಿಕ್ಕದಾಗಿರಲಿ: ಐವತ್ತು ಸಾಲಿನ ಬದಲಾವಣೆಯನ್ನು ಬಸ್ಸಿನಲ್ಲಿ ನಿಂತು ಓದಬಹುದು, ಸಾವಿರ ಸಾಲಿನದನ್ನು ಮೇಜಿನ ಮುಂದೆ ಕುಳಿತರೂ ಓದಲಾಗದು.

ತಿರಸ್ಕಾರವಾದರೆ ಕಾರಣ ಕೇಳಿ. ನನ್ನ ಮೊದಲ ದೊಡ್ಡ ಪ್ಯಾಚ್ ತಿರಸ್ಕೃತವಾದಾಗ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಬೇರೊಬ್ಬರು ಅದೇ ದೋಷವನ್ನು ಹನ್ನೆರಡು ಸಾಲಿನಲ್ಲಿ ಸರಿಪಡಿಸಿದ್ದರು. ನಾನು ಬರೆದಿದ್ದು ನಾನೂರು ಸಾಲು.

ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಸಿ ಕಳಿಸಬಹುದೇ?

ಯೋಜನೆಯ ನಿಯಮ ನೋಡಿ. ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಗಳ ಯೋಜನೆಗಳು 2024ರಲ್ಲೇ ಅಂಥ ಕೋಡಿಗೆ ಬಾಗಿಲು ಮುಚ್ಚಿದವು. ಬೇರೆ ಕೆಲವರು ಅದನ್ನು ತಿಳಿಸಿದರೆ ಸಾಕು ಎನ್ನುತ್ತಾರೆ. ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ಯೋಜನೆಯ ನಿರ್ವಾಹಕ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರ ಬರೆದ ಸುಳ್ಳು ಭದ್ರತಾ ವರದಿಗಳನ್ನು ಓದಿ ವ್ಯರ್ಥವಾಗುವ ಸಮಯದ ಬಗ್ಗೆ ಬಹಿರಂಗವಾಗಿ ದೂರಿದ್ದಾರೆ. ನಾನೂ ಈ ಸಾಧನಗಳನ್ನು ಬಳಸುತ್ತೇನೆ, ಅಪರಿಚಿತ ಕೋಡನ್ನು ಅರ್ಥ ಮಾಡಿಕೊಳ್ಳಲು ಅವು ಚೆನ್ನಾಗಿವೆ. ಆದರೆ ‘ಈ ಸಾಲು ಇಲ್ಲಿ ಏಕಿದೆ’ ಎಂದು ಕೇಳಿದಾಗ ಉತ್ತರ ಕೊಡಲಾಗದ ಸಾಲನ್ನು ನಿಮ್ಮ ಹೆಸರಿನಲ್ಲಿ ಕಳಿಸಬೇಡಿ. ನಿರ್ವಾಹಕರಿಗೂ ಅದೇ ಯಂತ್ರ ಸಿಗುತ್ತದೆ. ಬೇಕಿದ್ದರೆ ಅವರೇ ಕೇಳಿಕೊಳ್ಳಬಹುದು.

ಸಂಬಳವಿಲ್ಲದ ಈ ಕೆಲಸ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಇದರಿಂದ ಹಣ ಬರುವುದೇ ಇಲ್ಲವೇ?

ಮನೆಯವರ ಪ್ರಶ್ನೆ ನ್ಯಾಯವಾದದ್ದು. ಲಿನಕ್ಸ್ ಕರ್ನಲ್‌ನಂಥ ದೊಡ್ಡ ಯೋಜನೆಗಳಲ್ಲಿ ಬಹುಪಾಲು ಜನ ತಮ್ಮ ಕಂಪನಿಯಿಂದ ಸಂಬಳ ಪಡೆದೇ ಬರೆಯುತ್ತಾರೆ. ಬೆಂಗಳೂರಿನಲ್ಲೂ ಚಿಪ್ ಮತ್ತು ಸರ್ವರ್ ಕಂಪನಿಗಳಲ್ಲಿ ಅಂಥ ಹುದ್ದೆಗಳಿವೆ. ಇನ್ನೊಂದು ತುದಿಯಲ್ಲಿ, ಜಾಲತಾಣಗಳ ಸಂವಹನವನ್ನು ಗೂಢಲಿಪಿಯಿಂದ ಕಾಯುವ, ಜಗತ್ತೇ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ, 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬೆಳಕಿಗೆ ಬರುವವರೆಗೆ, ವರ್ಷಕ್ಕೆ ಸುಮಾರು 2,000 ಡಾಲರ್ ದೇಣಿಗೆಯಷ್ಟೇ ಬರುತ್ತಿತ್ತು. ಇತ್ತೀಚಿನ ಪ್ರಯತ್ನಗಳಲ್ಲಿ, ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಜೆರೋಧಾ 2024ರಲ್ಲಿ ಘೋಷಿಸಿದ ಫ್ಲಾಸ್ ಫಂಡ್ ಎಂಬ ನಿಧಿ ವರ್ಷಕ್ಕೆ ಒಟ್ಟು ಹತ್ತು ಲಕ್ಷ ಡಾಲರ್‌ವರೆಗೆ ಜಗತ್ತಿನ ಮುಕ್ತ ಯೋಜನೆಗಳಿಗೆ ಹಂಚುವಂಥದ್ದು.

ನನ್ನ ಲೆಕ್ಕ ಹೇಳುವುದಾದರೆ, ಪರಿವರ್ತಕದಿಂದ ಬಂದ ನೇರ ಆದಾಯ ಒಂದು ಡಜನ್ ಮಾವಿನಹಣ್ಣು. ಅದನ್ನು ಕಳಿಸಿದ್ದು ಶ್ರೀನಿವಾಸಪುರದ ಒಬ್ಬ ಮುದ್ರಕರು. ಆದರೆ ಈಗಿನ ಕೆಲಸದ ಸಂದರ್ಶನದಲ್ಲಿ ನಡೆದ ಮಾತುಕತೆಯ ಅರ್ಧ ಭಾಗ ಅರ್ಕಾವೊತ್ತಿನ ಬಗ್ಗೆ, ಅಂದರೆ ಪರೀಕ್ಷೆಯಿಲ್ಲದೆ ವೇಗ ಹೆಚ್ಚಿಸಿದ ನನ್ನ ತಪ್ಪಿನ ಬಗ್ಗೆ ಆಗಿತ್ತು.

ಕಚೇರಿ, ಟ್ರಾಫಿಕ್, ಮನೆ ಇವುಗಳ ನಡುವೆ ಸಮಯ ಎಲ್ಲಿಂದ ತರುವುದು?

ವಾರಕ್ಕೆ ಮೂರು ಗಂಟೆ ಸಾಕು, ಆದರೆ ಅದು ಪ್ರತಿ ವಾರವೂ ಇರಬೇಕು. ಶನಿವಾರ ಬೆಳಿಗ್ಗೆ ಮನೆಯವರು ಏಳುವ ಮೊದಲಿನ ಹೊತ್ತು ನನ್ನದು. ಮಗು ಹುಟ್ಟಿದ ವರ್ಷ ಆ ಹೊತ್ತೂ ಇರಲಿಲ್ಲ, ಏನೂ ಮಾಡಲಿಲ್ಲ. ಹೆಣ್ಣುಮಕ್ಕಳಿಗೆ ಈ ಮೂರು ಗಂಟೆ ಸಿಗುವುದು ಇನ್ನೂ ಕಷ್ಟ ಎಂಬುದನ್ನು ಹೇಳದೆ ಬಿಡಬಾರದು. ಪಾತ್ರೆ ತೊಳೆಯುವ ಸರದಿಯನ್ನು ಹಂಚಿಕೊಳ್ಳದ ಮನೆಯಲ್ಲಿ ಕೊಡುಗೆಯ ಮಾತಾಡುವುದು ಗಂಡಸರಿಗೆ ಮಾತ್ರ ಸುಲಭ.

ಬೆಂಗಳೂರಿನಲ್ಲಿ ಇಂಥವರು ಒಟ್ಟು ಸೇರುವುದು ಎಲ್ಲಿ?

2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಸಮಾವೇಶ 2012ರವರೆಗೆ ನಡೆಯಿತು. ನನ್ನ ವಯಸ್ಸಿನ ಅನೇಕರು ದೊಡ್ಡ ಯೋಜನೆಗಳ ನಿರ್ವಾಹಕರನ್ನು ಮೊದಲು ಕಂಡದ್ದು ಅಲ್ಲಿ. 2009ರಲ್ಲಿ ಪೈಥಾನ್ ಬಳಸುವವರ ಮೊದಲ ಪೈಕಾನ್ ಇಂಡಿಯಾ ಸಮಾವೇಶ ನಡೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿಯೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಈಗ ಫಾಸ್ ಯುನೈಟೆಡ್ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಕೂಟಗಳು, ಅವರ ಇಂಡಿಯಾಫಾಸ್ ಸಮಾವೇಶ, ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಬಳಗ ಇವೆ. ಮೊದಲ ಸಲ ಹೋದಾಗ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿಸಿಕೊಂಡು ಬಂದರೂ ಸಾಕು. ಚಹಾ ವಿರಾಮದಲ್ಲಿ ಕನ್ನಡದಲ್ಲೇ ಮಾತಾಡಿಸಿ ನೋಡಿ; ಅಲ್ಲಿ ಇಷ್ಟು ಜನ ಕನ್ನಡಿಗರಿದ್ದಾರೆಯೇ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ.

ಒಂದು ಯೋಜನೆಯ ಹೊಣೆ ಹೊತ್ತ ಮೇಲೆ ಬಿಟ್ಟುಬಿಡಬಹುದೇ?

ಬಿಡಬಹುದು, ಆದರೆ ಹೇಳಿ ಬಿಡಬೇಕು, ಮತ್ತು ಯಾರ ಕೈಗೆ ಕೊಡುತ್ತಿದ್ದೇವೆ ಎಂಬುದನ್ನು ನೋಡಿ ಕೊಡಬೇಕು. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶವನ್ನು ಒಬ್ಬರೇ ಬಹುಕಾಲ ನೋಡಿಕೊಂಡಿದ್ದರು. ಅವರು ದಣಿದಿದ್ದ ಕಾಲದಲ್ಲಿ ನೆರವಿಗೆಂದು ಬಂದ ಅಪರಿಚಿತ ಹೆಸರೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದು, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಇಟ್ಟಿತು. 2024ರ ಮಾರ್ಚ್‌ನಲ್ಲಿ ಅದನ್ನು ಕಂಡುಹಿಡಿದ ಆಂಡ್ರೆಸ್ ಫ್ರಾಯಿಂಡ್ ಭದ್ರತಾ ತಜ್ಞರಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕೆಲಸದಲ್ಲಿದ್ದ ಅವರಿಗೆ ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದು ಏಕೋ ಸರಿ ಕಾಣಲಿಲ್ಲ, ಬೆನ್ನು ಹತ್ತಿದರು.

ಆ ಸುದ್ದಿ ಓದಿದ ವಾರವೇ ನಾನು ಪರಿವರ್ತಕದ ಮುಖಪುಟದಲ್ಲಿ, ಇನ್ನು ಮುಂದೆ ನನ್ನಿಂದ ಸಮಯ ಕೊಡಲಾಗುತ್ತಿಲ್ಲ ಎಂದು ಬರೆದೆ. ಐದು ತಿಂಗಳ ನಂತರ ಇಬ್ಬರು ಮುಂದೆ ಬಂದರು. ಒಬ್ಬರು ಹುಬ್ಬಳ್ಳಿಯವರು, ಇನ್ನೊಬ್ಬರು ಇಲ್ಲೇ ಯಶವಂತಪುರದವರು. ಇಬ್ಬರನ್ನೂ ಒಂದು ವರ್ಷ ಜೊತೆಗಿಟ್ಟುಕೊಂಡು ಕೆಲಸ ಮಾಡಿದ ಮೇಲೆ ಕೀಲಿಗಳನ್ನು ಕೊಟ್ಟೆ. ಹೊಣೆ ಹೊತ್ತ ಮೊದಲ ತಿಂಗಳಲ್ಲಿ ಅವರು ಮಾಡಿದ ಕೆಲಸವೆಂದರೆ ನನ್ನ ಹಳೆಯ ಕೋಡಿನ ಮೂರನೆಯ ಒಂದು ಭಾಗವನ್ನು ಅಳಿಸಿದ್ದು. ಮೇಷ್ಟ್ರ ನಲವತ್ತಮೂರು ಪದಗಳೂ ಪರೀಕ್ಷೆಯಲ್ಲಿ ಪಾಸಾದವು.